ಗುಳ್ಳ ಸೊರಗಿದಾಗ ಮೂರು ಆ್ಯಪ್‌ಗಳು ಹೇಳಿದ್ದು

ಕಟಪಾಡಿ ಸಮೀಪದ ನಮ್ಮ ಹಿತ್ತಿಲಿನ ಹತ್ತು ಸೆಂಟ್ಸ್ ಜಾಗದಲ್ಲಿ ಬೆಂಡೆ, ಹೀರೆ, ಅಲಸಂಡೆ, ಬಸಳೆಗಳ ಜೊತೆಗೆ ಒಂದು ಸಾಲು ಗುಳ್ಳ ಬದನೆಯನ್ನೂ ಬೆಳೆಯುತ್ತೇವೆ. ಬೀಜ ಮಟ್ಟುವಿನದೇ ಆದರೂ ಮಣ್ಣು ಮಟ್ಟುವಿನದಲ್ಲ. 2011ರಲ್ಲಿ ಭೌಗೋಳಿಕ ಸೂಚಕ (ಜಿಐ) ಪಡೆದ ‘ಮಟ್ಟು ಗುಳ್ಳ’ ಎಂಬ ಹೆಸರನ್ನು ನಮ್ಮ ಬದನೆಗೆ ಹಚ್ಚುವ ಧೈರ್ಯ ನನಗಿಲ್ಲ. ಕಳೆದ ಮಳೆಗಾಲದಿಂದ ಈ ಬೇಸಿಗೆಯವರೆಗೆ, ಗಿಡಕ್ಕೆ ಸೀಕು ಬಂದಾಗಲೆಲ್ಲ ಒಂದೇ ಗಿಡವನ್ನು ಮೂರು ಆ್ಯಪ್‌ಗಳ ಮುಂದಿಟ್ಟು, ಅವು ಹೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಂಡೆ. ಮೊದಲನೆಯದು ಎಲೆಯ ಚಿತ್ರ ನೋಡಿ ರೋಗದ ಹೆಸರು ಹೇಳುವ ಕೃಷಿ ಆ್ಯಪ್. ಎರಡನೆಯದು ಯಾವ ಚಿತ್ರ ಕೊಟ್ಟರೂ ಅಂಥದ್ದೇ ಚಿತ್ರಗಳನ್ನು ಹುಡುಕಿ ತರುವ ಆ್ಯಪ್. ಮೂರನೆಯದು ಚಿತ್ರವನ್ನು ಕೇಳದೆ, ಒಂದಾದ ಮೇಲೊಂದು ಪ್ರಶ್ನೆ ಹಾಕುತ್ತ ಹೋಗುವಂಥದ್ದು. ಪ್ರತಿ ಅಪ್‌ಡೇಟ್‌ನೊಂದಿಗೆ ಇವುಗಳ ಉತ್ತರ ಬದಲಾಗುವುದರಿಂದ ಹೆಸರು ಹಿಡಿದು ಹೊಗಳುವುದಾಗಲಿ ದೂರುವುದಾಗಲಿ ನ್ಯಾಯವಲ್ಲವೆಂದು ಕಂಡು ಹೆಸರುಗಳನ್ನು ಬಿಟ್ಟಿದ್ದೇನೆ.

ಬೆಂಡೆಯ ಹಳದಿ ನಂಜು ರೋಗವನ್ನು ಮೂರೂ ಗುರುತಿಸಿದವು. ಎಲೆಯ ನರಗಳೆಲ್ಲ ಬಲೆಯಂತೆ ಹಳದಿಯಾಗುವ ಈ ರೋಗವನ್ನು ಮಕ್ಕಳೂ ಗುರುತಿಸಬಲ್ಲರು, ಹಾಗಾಗಿ ಇದನ್ನು ಪರೀಕ್ಷೆಯೆನ್ನಲು ಬರುವುದಿಲ್ಲ. ವ್ಯತ್ಯಾಸ ಕಂಡದ್ದು ಪರಿಹಾರದಲ್ಲಿ. ಚಿತ್ರದ ಆ್ಯಪ್ ತಕ್ಷಣ ಕೀಟನಾಶಕಗಳ ಪಟ್ಟಿಯನ್ನು ತೆರೆದರೆ, ಪ್ರಶ್ನೆಯ ಆ್ಯಪ್ ಎಲೆಯ ಅಡಿಯಲ್ಲಿ ಬಿಳಿ ನೊಣಗಳಿವೆಯೇ ಎಂದು ಕೇಳಿ, ರೋಗ ಹತ್ತಿದ ಗಿಡವನ್ನು ಕಿತ್ತು ಹಾಕುವಂತೆ ಹೇಳಿತು. ಇದು ನಂಜಾಣುವಿನಿಂದ (ವೈರಸ್) ಬರುವ ರೋಗ, ಅದನ್ನು ಹರಡುವುದು ಬಿಳಿ ನೊಣ. ಸೋಂಕು ತಗುಲಿದ ಗಿಡವನ್ನು ಯಾವ ಸಿಂಪಡಣೆಯೂ ಸರಿಪಡಿಸದು ಎಂಬುದನ್ನು ಗಮನಿಸಿದರೆ, ಪ್ರಶ್ನೆಯ ಆ್ಯಪ್‌ನ ಉತ್ತರವೇ ಕೆಲಸಕ್ಕೆ ಬರುವಂಥದ್ದು.

ಹೀರೆಯಲ್ಲಿ ಆದದ್ದು ಹೆಚ್ಚು ಸ್ವಾರಸ್ಯಕರ. ಜುಲೈ ತಿಂಗಳ ಎಡೆಬಿಡದ ಮಳೆಯಲ್ಲಿ ಚಪ್ಪರದ ಎಲೆಗಳ ಮೇಲೆ ಹಳದಿ ಕಲೆಗಳು ಮೂಡಿದವು. ಮೇಲ್ಭಾಗದ ಚಿತ್ರ ಕೊಟ್ಟಾಗ ಚಿತ್ರದ ಆ್ಯಪ್ ಪೋಷಕಾಂಶದ ಕೊರತೆಯೆಂದಿತು. ಹುಡುಕಾಟದ ಆ್ಯಪ್ ಬೂದಿ ರೋಗದ ಚಿತ್ರಗಳನ್ನು ತಂದಿತು. ಮರುದಿನ ಬೆಳಿಗ್ಗೆ, ಎಲೆ ಇನ್ನೂ ಒದ್ದೆಯಾಗಿದ್ದಾಗಲೇ ಅದನ್ನು ಮಗುಚಿ ನೋಡಿದೆ. ನರಗಳ ನಡುವೆ ಕತ್ತರಿಸಿಟ್ಟಂತೆ ಕೋನಾಕಾರದ ಕಲೆಗಳು, ಅವುಗಳ ಅಡಿಯಲ್ಲಿ ಬೂದು ನೇರಳೆ ಬಣ್ಣದ ತೆಳುವಾದ ಬೂಜು. ನೀರ ಹನಿಯನ್ನು ಬಟ್ಟೆಯಿಂದ ಒತ್ತಿ, ಆ ಅಡಿಭಾಗದ ಚಿತ್ರ ಕೊಟ್ಟೊಡನೆ ಚಿತ್ರದ ಆ್ಯಪ್ ಬೂಜು ತುಪ್ಪಟ ರೋಗವೆಂದು ಸರಿಯಾಗಿ ಹೇಳಿತು. ಬೂದಿಗೂ ಬೂಜಿಗೂ ಹೆಸರಿನಲ್ಲಷ್ಟೇ ಹೋಲಿಕೆ. ಬೂದಿ ರೋಗ ನಿಜವಾದ ಶಿಲೀಂಧ್ರದಿಂದ ಬರುತ್ತದೆ, ಗಂಧಕಕ್ಕೆ ಬಗ್ಗುತ್ತದೆ. ಬೂಜು ತುಪ್ಪಟವನ್ನು ತರುವ ಜೀವಿ ನಮ್ಮ ಅಡಿಕೆಯ ಕೊಳೆರೋಗದ ಜೀವಿಯ ಬಳಗದ್ದು, ನಿಜವಾದ ಶಿಲೀಂಧ್ರವಲ್ಲ, ಅದಕ್ಕೆ ಗಂಧಕ ಹೊಡೆದರೆ ದುಡ್ಡು ದಂಡ.

ನಿಜವಾದ ಪರೀಕ್ಷೆ ನಡೆದದ್ದು ಗುಳ್ಳದ ಸಾಲಿನಲ್ಲಿ. ಹಸಿರಾಗಿದ್ದ ಗಿಡವೊಂದು ಮಧ್ಯಾಹ್ನ ಜೋತುಬಿದ್ದು ಸಂಜೆಗೆ ಚೇತರಿಸಿಕೊಂಡಿತು. ಮೂರನೆಯ ದಿನ ಎಲೆ ಹಳದಿಯಾಗುವ ಮೊದಲೇ ಇಡೀ ಗಿಡ ಸೊರಗಿತು. ಚಿತ್ರದ ಆ್ಯಪ್ ನೀರಿನ ಕೊರತೆಯೆಂದಿತು, ಬುಡದಲ್ಲಿ ಕೆಸರು ತುಂಬಿರುವಾಗ! ಹುಡುಕಾಟದ ಆ್ಯಪ್‌ನಿಂದ ಬಂದದ್ದು ಮಾರಾಟದ ಬದನೆ ಸಸಿಗಳ ಚಿತ್ರ. ಪ್ರಶ್ನೆಯ ಆ್ಯಪ್ ಮಾತ್ರ, ಬುಡದ ಬಳಿ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಅದ್ದಿ ಹಿಡಿಯಲು ಹೇಳಿತು. ನಾಲ್ಕೈದು ನಿಮಿಷಗಳಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂಥ ಬಿಳಿಯ ಎಳೆಗಳು ನೀರಿನೊಳಗೆ ಇಳಿಯತೊಡಗಿದವು. ಅದು ದುಂಡಾಣು ಸೊರಗು ರೋಗ, ರಾಲ್‌ಸ್ಟೋನಿಯಾ ಎಂಬ ಮಣ್ಣಿನ ದುಂಡಾಣುವಿನ (ಬ್ಯಾಕ್ಟೀರಿಯಾ) ಕೆಲಸ. ಕಾಂಡದೊಳಗೆ ನಡೆಯುವುದನ್ನು ಎಲೆಯ ಚಿತ್ರ ಹೇಗೆ ತಾನೇ ತೋರಿಸೀತು?

ಈ ಸೋಲಿಗೆ ಇನ್ನೊಂದು ಕಾರಣವೂ ಇರಬಹುದು. ಎಲೆಯ ಚಿತ್ರದಿಂದ ರೋಗ ಗುರುತಿಸುವುದನ್ನು ಕಂಪ್ಯೂಟರಿಗೆ ಕಲಿಸಿದ 2016ರ ಹೆಸರಾಂತ ಅಧ್ಯಯನವೊಂದರಲ್ಲಿ 54,306 ಚಿತ್ರಗಳನ್ನು ಬಳಸಲಾಗಿತ್ತು. ಅದೇ ಸಂಗ್ರಹದಿಂದ ತೆಗೆದಿಟ್ಟ ಚಿತ್ರಗಳಲ್ಲಿ ನಿಖರತೆ ಶೇ. 99.35 ಇದ್ದದ್ದು, ಬೇರೆ ಸನ್ನಿವೇಶಗಳಲ್ಲಿ ತೆಗೆದ ಚಿತ್ರಗಳಲ್ಲಿ ಸುಮಾರು ಶೇ. 31ಕ್ಕೆ ಇಳಿಯಿತು. ಅದರಲ್ಲಿದ್ದ 14 ಬೆಳೆಗಳಲ್ಲಿ ಟೊಮೆಟೊ, ಆಲೂಗಡ್ಡೆ, ಸೇಬು, ದ್ರಾಕ್ಷಿಗಳಿವೆ, ಬದನೆಯಿಲ್ಲ, ಬೆಂಡೆಯಿಲ್ಲ. ಆಮೇಲೆ ಬಂದ ಆ್ಯಪ್‌ಗಳು ಸಾಕಷ್ಟು ಮುಂದೆ ಹೋಗಿರುವುದು ನಿಜ, ಆದರೂ ನಮ್ಮ ಬಸಳೆಯನ್ನು ಮೊನ್ನೆಯೂ ಒಂದು ಆ್ಯಪ್ ಪಾಲಕ್ ಎಂದೇ ಕರೆಯಿತು.

ಔಷಧಿಯ ವಿಷಯದಲ್ಲಿ ಮೂರನ್ನೂ ನಾನು ನೆಚ್ಚುವುದಿಲ್ಲ. ಚಿತ್ರದ ಆ್ಯಪ್ ಲೀಟರಿಗೆ ಎಷ್ಟೆಂದು ಹೇಳಿತೇ ಹೊರತು, ಸಿಂಪಡಿಸಿದ ಎಷ್ಟು ದಿನಗಳ ಮೇಲೆ ಕಾಯಿ ಕೊಯ್ಯಬಹುದೆಂದು ಹೇಳಲಿಲ್ಲ. ಅಲಸಂಡೆಯನ್ನು ದಿನ ಬಿಟ್ಟು ದಿನ ಕೊಯ್ಯುವ ಮನೆಗೆ ಬೇಕಾದದ್ದು ಅದೇ. ಡಬ್ಬಿಯ ಲೇಬಲ್ಲಿನಲ್ಲಿ ಬೆಳೆಯ ಹೆಸರು, ಕಾಯಬೇಕಾದ ದಿನಗಳು, ವಿಷದ ಮಟ್ಟ ತೋರಿಸುವ ಕೆಂಪು, ಹಳದಿ, ನೀಲಿ ಅಥವಾ ಹಸಿರು ಬಣ್ಣದ ಗುರುತು ಇವಿಷ್ಟನ್ನು ಓದದೆ ನಾನು ಈಗ ಏನನ್ನೂ ಕೊಳ್ಳುವುದಿಲ್ಲ. ಸಂಶಯವಿದ್ದರೆ ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಕರೆ ಮಾಡುತ್ತೇನೆ, ಇಲ್ಲವೇ ರೋಗದ ಎಲೆಯನ್ನೇ ಕಾಗದದಲ್ಲಿ ಸುತ್ತಿಕೊಂಡು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗುತ್ತೇನೆ.

ಹುಡುಕಾಟದ ಆ್ಯಪ್ಪನ್ನು ಕಳೆ ಗಿಡಗಳ ಹೆಸರು ತಿಳಿಯಲಷ್ಟೇ ಬಳಸುತ್ತೇನೆ. ಎಲೆಯ ಕಲೆಗೆ ಚಿತ್ರದ ಆ್ಯಪ್, ಅದೂ ಎಲೆಯ ಎರಡೂ ಬದಿಯ ಚಿತ್ರ ಕೊಟ್ಟು. ಸೊರಗುವುದಕ್ಕೆ, ಒಣಗುವುದಕ್ಕೆ ಪ್ರಶ್ನೆಯ ಆ್ಯಪ್. ಮಳೆಗಾಲದಲ್ಲಿ ನೆಟ್‌ವರ್ಕ್ ಹೋದಾಗಲೂ ಅದು ತೆರೆದುಕೊಳ್ಳುತ್ತದೆ, ಅದರ ಕನ್ನಡ ಮಾತ್ರ ಸ್ವಲ್ಪ ಬಿರುಸು. ಗುಳ್ಳ ಹೋದ ಸಾಲಿನಲ್ಲಿ, ಅದೇ ದುಂಡಾಣುವಿಗೆ ತುತ್ತಾಗುವ ಬದನೆ, ಟೊಮೆಟೊ, ಮೆಣಸು ಯಾವುದನ್ನೂ ನೆಡದೆ ಅಲಸಂಡೆ ಹಬ್ಬಿಸಿದ್ದೇನೆ. ಮುಂದಿನ ಸಲ, ಈ ಸೊರಗನ್ನು ತಾಳಿಕೊಳ್ಳುವ ಸುಂಡೆಕಾಯಿಯ ಬುಡಕ್ಕೆ ಕಸಿ ಕಟ್ಟಿದ ಬದನೆ ಸಸಿ ಸಿಕ್ಕರೆ ಬೇರೆ ಸಾಲಿನಲ್ಲಿ ಹಾಕಿ ನೋಡಬೇಕೆಂದಿದ್ದೇನೆ.