ಮನೆಯಲ್ಲೇ ಡೆಂಟ್ ಮುಚ್ಚುವ ಕಿಟ್: ಪುಟ್ಟಿ ಚೆನ್ನಾಗಿದೆ, ಚೀಟಿ ನಂಬಬೇಡಿ

ರಿವರ್ಸ್ ತೆಗೆಯುವಾಗ ಕಾರಿನ ಹಿಂದಿನ ಬಾಗಿಲು ಗೇಟಿನ ಕಂಬಕ್ಕೆ ತಾಗಿತು. ತಪ್ಪು ನನ್ನದೇ, ಕಂಬ ಅಲ್ಲೇ ಇತ್ತು. ಬಾಗಿಲ ಕೆಳಭಾಗದಲ್ಲಿ ಅಂಗೈ ಅಗಲ ನೆಗ್ಗಿ, ನಡುವೆ ಪೇಂಟು ಕಿತ್ತು ತಗಡು ಕಾಣುತ್ತಿತ್ತು. ಗ್ಯಾರೇಜಿಗೆ ಬಿಟ್ಟರೆ ನಾಲ್ಕು ದಿನ ಕಾರಿಲ್ಲ. ಸರಿ, ನಾವೇ ಒಂದು ಕೈ ನೋಡೋಣ ಅಂತ ಆನ್‌ಲೈನಿನಲ್ಲಿ ಒಂದು ಡೆಂಟ್ ರಿಪೇರಿ ಕಿಟ್ ತರಿಸಿದೆ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 'ಒಂದು ಗಂಟೆಯಲ್ಲಿ ಹೊಸದರಂತೆ' ಅಂತ ಇತ್ತು. ನನಗೆ ಎರಡು ಭಾನುವಾರ ಪೂರ್ತಿ ಹಿಡಿಯಿತು.

ಒಳಗೆ ಬಂದಿದ್ದು ಇಷ್ಟು: ನೆಗ್ಗು ತುಂಬುವ ಪಾಲಿಯೆಸ್ಟರ್ ಪುಟ್ಟಿಯ ಅರ್ಧ ಕೆಜಿ ಡಬ್ಬಿ, ಅದನ್ನು ಗಟ್ಟಿ ಮಾಡುವ ಕೆಂಪು ಹಾರ್ಡನರ್ ಟ್ಯೂಬು, ಪುಟ್ಟಿ ಎಳೆಯಲು ಎರಡು ಪ್ಲಾಸ್ಟಿಕ್ ಪಟ್ಟಿ, ಮೂರು ತುಂಡು ಸ್ಯಾಂಡ್ ಪೇಪರ್, ಹೇಗೆ ಮಾಡಬೇಕು ಅಂತ ಬರೆದ ಒಂದು ಚೀಟಿ. ಇದರಲ್ಲಿ ಮೊದಲನೆಯದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಉಳಿದದ್ದರ ಮೇಲೆ ದೂರು ಜಾಸ್ತಿ ಇದೆ.

ಮೊದಲು ಚೀಟಿಯ ಕಥೆ. ನೆಗ್ಗಿದ ತಗಡನ್ನು ಮೊದಲು ಹೊರಗೆ ತರಬೇಕು ಅನ್ನುವ ಮಾತೇ ಅದರಲ್ಲಿಲ್ಲ! 'ಒರೆಸಿ, ಹಚ್ಚಿ, ಉಜ್ಜಿ' ಅಷ್ಟೇ. ಹಾಗೇ ತುಂಬಿಬಿಟ್ಟರೆ ನನ್ನ ಬಾಗಿಲಿಗೆ ಒಂದು ಸೆಂಟಿಮೀಟರ್ ದಪ್ಪ ಪುಟ್ಟಿ ಬೀಳುತ್ತಿತ್ತು. ಅಷ್ಟು ದಪ್ಪ ನಿಲ್ಲುವುದಿಲ್ಲ, ಬಾಗಿಲು ಧಡ್ ಅಂತ ಹಾಕಿದಾಗಲೆಲ್ಲ ಅದುರಿ ಒಂದು ದಿನ ಬಿರುಕು ಬಿಡುತ್ತದೆ. ಪಕ್ಕದ ಮನೆಯ ಹಿರಿಯರೊಬ್ಬರು ಹಿಂದೆ ಟಿಂಕರಿಂಗ್ ಕೆಲಸ ಮಾಡಿದವರು. ನಾನು ಡಬ್ಬಿ ತೆರೆಯುವುದು ನೋಡಿ ಹತ್ತಿರ ಬಂದು "ಮೊದ್ಲು ಒಳಗಿನಿಂದ ತಟ್ಟಿ ಸಾರ್, ಪುಟ್ಟಿ ಕೊನೇ ಮೂರು ಮಿಲಿಮೀಟರಿಗೆ ಮಾತ್ರ" ಅಂದರು. ಬಾಗಿಲ ಒಳಗಿನ ಪ್ಯಾನಲ್ ಬಿಚ್ಚಿ, ಮರದ ತುಂಡು ಇಟ್ಟು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಅಂಚಿನಿಂದ ಶುರು ಮಾಡಿ ನಡುವಿಗೆ ಬರಬೇಕು. ನಡುವಿಗೇ ಬಿಗಿಯಾಗಿ ಹೊಡೆದರೆ ತಗಡು ಹಿಗ್ಗಿ ಹೊರಗೆ ಗುಬುಟು ಏಳುತ್ತದೆ, ಆಮೇಲೆ ಅದನ್ನು ಕೂರಿಸುವುದು ಇನ್ನೊಂದು ತಲೆನೋವು.

ಆಮೇಲೆ ಪೇಂಟು ಕೆರೆಯುವುದು. ನೆಗ್ಗಿನ ಸುತ್ತ ಮೂರು ಬೆರಳು ಅಗಲದಷ್ಟು ತಗಡು ಬರಿಯಾಗಿ ಹೊಳೆಯಬೇಕು, ಸುತ್ತಲಿನ ಪೇಂಟಿನ ಅಂಚು ಇಳಿಜಾರಾಗಿ ಸವೆಯಬೇಕು. ಇದಕ್ಕೆ 80 ನಂಬರ್ ಪೇಪರ್ ಬೇಕು, ನಂಬರ್ ಕಮ್ಮಿಯಾದಷ್ಟೂ ಪೇಪರ್ ಒರಟು. ಕಿಟ್‌ನಲ್ಲಿ ಇದ್ದದ್ದು 120, 240, 400. ಎಂಬತ್ತೇ ಇಲ್ಲ! ಪುಟ್ಟಿಯ ಮೇಲ್ಪದರ ಇಳಿಸುವುದಕ್ಕೂ ಅದೇ ಬೇಕು, ಹಾಗಾಗಿ ಬೇರೆ ತರಬೇಕಾಯಿತು. ಉಜ್ಜುವಾಗ ಪೇಪರನ್ನು ಸುತ್ತಿ ಹಿಡಿಯುವ ಗಟ್ಟಿ ಬ್ಲಾಕ್ ಕೂಡ ಕೊಟ್ಟಿಲ್ಲ. ಬರೀ ಬೆರಳಲ್ಲಿ ಒತ್ತಿ ಉಜ್ಜಿದರೆ ಬೆರಳಿದ್ದ ಕಡೆ ಕಾಲುವೆ ಬೀಳುತ್ತದೆ, ಪೇಂಟ್ ಆದ ಮೇಲೆ ಅದು ಅಲೆಅಲೆಯಾಗಿ ಕಾಣುತ್ತದೆ. ನಾನು ಒಂದು ಮರದ ಪಟ್ಟಿಗೆ ಪೇಪರ್ ಸುತ್ತಿಕೊಂಡೆ.

ಈಗ ಪುಟ್ಟಿ. ಇಲ್ಲಿ ನಿಧಾನ ಇರಲಿ, ಎಲ್ಲರೂ ಎಡವುವುದು ಇಲ್ಲೇ. ಡಬ್ಬಿ ತೆರೆದರೆ ಮೇಲೆ ಅಂಟು ದ್ರವ ತೇಲಿರುತ್ತದೆ, ಅದನ್ನು ಚೆಲ್ಲದೆ ಕೆಳಗಿನಿಂದ ಚೆನ್ನಾಗಿ ಕಲಸಿಕೊಳ್ಳಬೇಕು. ಟ್ಯೂಬನ್ನೂ ಮೊದಲು ಹಿಸುಕಿ ಹದ ಮಾಡಬೇಕು. ಅಳತೆ ಹೆಚ್ಚುಕಮ್ಮಿ 100 ಗ್ರಾಂ ಪುಟ್ಟಿಗೆ 2 ಗ್ರಾಂ ಹಾರ್ಡನರ್. ನಾನು ಮೊದಲ ಸಲ ಅಂದಾಜಿಗೆ ಉದ್ದ ಪಟ್ಟಿ ಹಿಂಡಿದೆ, ಜಾಸ್ತಿ ಹಾಕಿದರೆ ಗಟ್ಟಿ ಆಗುತ್ತದೆ ಅಂತ. ಗಟ್ಟಿ ಆಯಿತು, ಕಲಸುವ ಹಲಗೆಯ ಮೇಲೇ! ಒಂದೂವರೆ ನಿಮಿಷಕ್ಕೆ ಬಿಸಿಯಾಗಿ ಉಂಡೆ ಕಟ್ಟಿ, ಪ್ಲಾಸ್ಟಿಕ್ ಪಟ್ಟಿಯೂ ಅದರ ಜೊತೆ ಹೋಯಿತು. ಎರಡನೇ ಸಲ ಹೆದರಿ ಕಮ್ಮಿ ಹಾಕಿದೆ. ಒಂದು ಗಂಟೆಯಾದರೂ ಮೇಲ್ಮೈ ಅಂಟಂಟು, ಪೇಪರ್ ಇಟ್ಟರೆ ಮೆತ್ತಿಕೊಳ್ಳುತ್ತಿತ್ತು. ಅದನ್ನೆಲ್ಲ ಕೆರೆದು ತೆಗೆದೆ. ಮೂರನೇ ಸಲ ಸಣ್ಣ ಡಿಜಿಟಲ್ ತಕ್ಕಡಿ ತಂದು ತೂಗಿದೆ ನೋಡಿ, ಏನೂ ತಕರಾರಿಲ್ಲ. ಬಣ್ಣ ಎಲ್ಲ ಕಡೆ ಒಂದೇ ಥರ ತಿಳಿ ಗುಲಾಬಿ ಆಗಬೇಕು, ಕೆಂಪು ಗೆರೆ ಉಳಿದರೆ ಕಲಸಿದ್ದು ಸಾಲದು. ಗರಗರ ತಿರುಗಿಸಬಾರದು, ಮಡಚಿ ಒತ್ತಿ ಕಲಸಬೇಕು, ಇಲ್ಲದಿದ್ದರೆ ಗಾಳಿ ಸೇರಿ ಆಮೇಲೆ ಸೂಜಿ ತೂತು ಬೀಳುತ್ತದೆ. ಹಲಗೆ ಗಾಜೋ ಪ್ಲಾಸ್ಟಿಕ್ಕೋ ಇರಲಿ, ರಟ್ಟಾದರೆ ಅಂಟನ್ನು ಕುಡಿದುಬಿಡುತ್ತದೆ. ಹಾರ್ಡನರ್ ಜಾಸ್ತಿಯಾದರೆ ಇನ್ನೊಂದು ತೊಂದರೆಯೂ ಇದೆ: ಅದರಲ್ಲಿರುವ ಪೆರಾಕ್ಸೈಡ್ ಮೇಲಿನ ಪೇಂಟಿನವರೆಗೆ ಬಂದು ಕಲೆ ಬಿಡಬಹುದು.

ಹದ ಸಿಕ್ಕಿದ ಮೇಲೆ ಈ ಪುಟ್ಟಿ ನಿಜಕ್ಕೂ ಚೆನ್ನಾಗಿದೆ. ಪಟ್ಟಿಯಿಂದ ಎಳೆದರೆ ನುಣ್ಣಗೆ ಕೂರುತ್ತದೆ, ಜಾರುವುದಿಲ್ಲ. ಕೈಗೆ ಸಿಗುವ ಸಮಯ ಮೂರು ನಾಲ್ಕು ನಿಮಿಷ, ಅಷ್ಟರಲ್ಲಿ ಹಚ್ಚಿ ಮುಗಿಸಬೇಕು. ಒಂದೇ ಸಲ ದಪ್ಪಗೆ ಬೇಡ, ತೆಳುವಾಗಿ ಎರಡು ಮೂರು ಪದರ. ಇಪ್ಪತ್ತು ನಿಮಿಷಕ್ಕೆ ಉಜ್ಜುವ ಹದಕ್ಕೆ ಬರುತ್ತದೆ, ಚಳಿಯಿದ್ದರೆ ಜಾಸ್ತಿ ಕಾಯಬೇಕು. ಬಿಸಿಲಲ್ಲಿ ಕಾದ ತಗಡಿನ ಮೇಲೆ ಹಚ್ಚಲೇಬೇಡಿ, ಎಳೆಯುವ ಮೊದಲೇ ಬಿಗಿದುಕೊಳ್ಳುತ್ತದೆ.

ಚೀಟಿಯಲ್ಲಿ 'ನೀರು ಹಾಕಿ ಉಜ್ಜಿ' ಅಂತ ಬರೆದಿದ್ದಾರೆ. ದಯವಿಟ್ಟು ಬೇಡ. ಬರೀ ಪುಟ್ಟಿ ನೀರು ಹೀರುತ್ತದೆ, ಆ ನೀರು ತಗಡಿಗೆ ಮುಟ್ಟಿದರೆ ಒಳಗೇ ತುಕ್ಕು ಶುರು, ಆರು ತಿಂಗಳು ಬಿಟ್ಟು ಪೇಂಟು ಗುಳ್ಳೆ ಏಳುತ್ತದೆ. ಪುಟ್ಟಿಯನ್ನು ನೀರಿಲ್ಲದೆಯೇ ಉಜ್ಜಿ, ನೀರು ಹಾಕಿ ಉಜ್ಜುವ ಪೇಪರ್ ಏನಿದ್ದರೂ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಹಾಕುವ ತಳಪದರ, ಆದ ಮೇಲೆ. ಧೂಳು ಮಾತ್ರ ದೇವರೇ ಗತಿ. ಹುಬ್ಬು, ಮೂಗು, ಚಪ್ಪಲಿ ಎಲ್ಲ ಬಿಳಿ. ಒಳ್ಳೆಯ ಮಾಸ್ಕ್ ಇಲ್ಲದೆ ಮಾಡಬೇಡಿ, ಕಲಸುವಾಗ ವಾಸನೆಯೂ ತಲೆ ಸುತ್ತಿಸುತ್ತದೆ, ಬಾಗಿಲು ಕಿಟಕಿ ತೆರೆದಿರಲಿ.

ಸಮ ಆಯಿತಾ ಅಂತ ನೋಡುವುದು ಹೇಗೆ? ಅದೇ ಹಿರಿಯರು "ಕಣ್ಣು ಮುಚ್ಚಿ ಅಂಗೈ ಆಡಿಸಿ" ಅಂದರು. ನಾನು ಹೊರಗಿನಿಂದ ಎಷ್ಟು ನೋಡಿದರೂ ಸರಿ ಅನಿಸುತ್ತಿತ್ತು. ಅಂಗೈಯಡಿ ತೆಳು ಬಟ್ಟೆ ಇಟ್ಟು ಎಳೆದಾಗ ಎಡಗಡೆ ಒಂದು ತಗ್ಗು ತಕ್ಷಣ ಸಿಕ್ಕಿತು, ರೂಪಾಯಿ ಅಗಲದ್ದು. ಕಪ್ಪು ಸ್ಪ್ರೇ ತೆಳುವಾಗಿ ಊದಿ ಬ್ಲಾಕ್‌ನಿಂದ ಉಜ್ಜಿದರೆ ಕಪ್ಪು ಉಳಿದ ಕಡೆಯೇ ತಗ್ಗು, ಇದು ಇನ್ನೂ ಸುಲಭ. ಸೂಜಿ ತೂತುಗಳಿಗೆ ಕೊನೆಗೆ ತೆಳುವಾದ ಫಿನಿಶಿಂಗ್ ಪುಟ್ಟಿ ಬೇಕು, ಅದೂ ಕಿಟ್‌ನಲ್ಲಿಲ್ಲ. ಸುಮ್ನೆ ಪ್ರೈಮರ್ ಮುಚ್ಚಿಬಿಡುತ್ತದೆ ಅಂದುಕೊಂಡು ಬಿಟ್ಟೆ. ಮುಚ್ಚಲಿಲ್ಲ, ಬಣ್ಣ ಹಾಕಿದ ಮೇಲೆ ಎರಡು ಚುಕ್ಕಿ ಎದ್ದು ಕಂಡವು.

ಬಣ್ಣದ ವಿಷಯ ಹೆಚ್ಚು ಹೇಳುವುದಿಲ್ಲ, ಇದು ಕಿಟ್‌ನದ್ದಲ್ಲ. ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಬಣ್ಣದ ಕೋಡ್ ಇರುತ್ತದೆ, ಅದೇ ನಂಬರಿನ ಸ್ಪ್ರೇ ತಂದರೂ ಬಿಸಿಲಿಗೆ ಮಾಸಿದ ಬಾಗಿಲಿಗೆ ಪೂರ್ತಿ ಹೊಂದುವುದಿಲ್ಲ. ಮಗಳು ನೋಡಿ "ಅಪ್ಪಾ, ಗಾಯ ವಾಸಿಯಾಗಿದೆ, ಕಲೆ ಉಳಿದಿದೆ ಅಷ್ಟೇ" ಅಂದಳು. ಹತ್ತು ಅಡಿ ದೂರದಿಂದ ಯಾರಿಗೂ ತಿಳಿಯುವುದಿಲ್ಲ, ಹತ್ತಿರ ಬಂದರೆ ಗೊತ್ತಾಗುತ್ತದೆ.

ಯಾರಿಗೆ ಬೇಡ ಅಂದರೆ, ತುಕ್ಕು ಹಿಡಿದು ತೂತಾದ ತಗಡಿಗೆ ಬೇಡವೇ ಬೇಡ, ತುಕ್ಕಿನ ಮೇಲೆ ಪುಟ್ಟಿ ಹಚ್ಚಿದರೆ ಒಳಗೆ ತಿಂದುಕೊಂಡು ಹೋಗುತ್ತದೆ. ಪ್ಲಾಸ್ಟಿಕ್ ಬಂಪರಿಗೆ ಬಳುಕುವ ಪುಟ್ಟಿ ಬೇರೆಯೇ ಇದೆ. ಪೇಂಟು ಕಿತ್ತಿರದ, ಮೆಲ್ಲಗೆ ನೆಗ್ಗಿದ ಕಡೆ ಪುಟ್ಟಿ ಹಚ್ಚಿ ಇದ್ದ ಪೇಂಟನ್ನೂ ಕೆರೆಯಬೇಡಿ, ಪೇಂಟ್ ಕೆಡಿಸದೆ ಒಳಗಿನಿಂದ ತಳ್ಳುವವರು ಇದ್ದಾರೆ. ಬಾಗಿಲ ತಗಡಿನಲ್ಲಿ ಉದ್ದಕ್ಕೆ ಮಡಚಿದಂತೆ ಇರುವ ಗೆರೆ ನೆಗ್ಗಿ ಕೆಟ್ಟಿದ್ದರೆ ಹೊಸಬರು ಕೈ ಹಾಕಬೇಡಿ, ಆ ಗೆರೆ ನೇರ ತರುವುದು ನನ್ನಂಥವರ ಕೆಲಸವಲ್ಲ.

5ಕ್ಕೆ 3 ಕೊಡುತ್ತೇನೆ. ಪುಟ್ಟಿಗೆ ಮಾತ್ರ ಆದರೆ 5, ಚೀಟಿಗೆ ಸೊನ್ನೆ. ಮತ್ತೆ ತಗೊಳ್ಳುವುದಾದರೆ ಕಿಟ್ ಬಿಟ್ಟು ಬರೀ ಪುಟ್ಟಿ, ಸರಿಯಾದ ಪೇಪರ್, ಬ್ಲಾಕ್ ಬೇರೆ ಬೇರೆ ತರುತ್ತೇನೆ. ಇನ್ನೂ ಅರ್ಧ ಡಬ್ಬಿ ಪುಟ್ಟಿ ಉಳಿದಿದೆ. ಹಾರ್ಡನರ್ ಟ್ಯೂಬ್ ಖಾಲಿ, ಮೊದಲ ದಿನ ನಾನು ಹಿಂಡಿದ ರೀತಿಗೆ. ಅದೊಂದನ್ನೇ ಕೊಡಿ ಅಂತ ಕೇಳಿದರೆ ಇಡೀ ಕಿಟ್ ತಗೊಳ್ಳಿ ಅಂತಾರೆ.