ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿ: ಮೂರು ವರ್ಷ, ಎರಡು ಹೆರಿಗೆಯ ನಂತರ

ಮೊದಲ ಮಗುವಿಗೆ ಐದು ತಿಂಗಳಾಗಿದ್ದಾಗ ಒಂದು ಸಂಜೆ ಜೋರಾಗಿ ಸೀನಿದೆ. ಮೂತ್ರ ಸೋರಿ ಬಟ್ಟೆ ಒದ್ದೆಯಾಯಿತು. ಅದು ಮೊದಲ ಸಲವೇನೂ ಅಲ್ಲ. ಆದರೆ ಅವತ್ತು ಮಗು ಕೈಯಲ್ಲಿತ್ತು, ನಿಂತಲ್ಲೇ ಅತ್ತುಬಿಟ್ಟೆ. ಯಾರಿಗೆ ಹೇಳಿದರೂ "ಹೆರಿಗೆ ಆದಮೇಲೆ ಅದೆಲ್ಲ ಇದ್ದದ್ದೇ" ಅನ್ನುತ್ತಿದ್ದರು. ಹೆತ್ತವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಹೀಗಾಗುತ್ತದೆ, ನಿಜ. ಹಾಗಂತ ಸುಮ್ನೆ ಸಹಿಸಿಕೊಂಡು ಇರಬೇಕು ಅಂತೇನಿಲ್ಲ ಅಲ್ವಾ? ಮರುವಾರವೇ ಪೆಲ್ವಿಕ್ ಫ್ಲೋರ್, ಅಂದರೆ ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹೊತ್ತಿರುವ ಸ್ನಾಯುಗಳ ಫಿಸಿಯೋಥೆರಪಿಗೆ ಹೋದೆ. ಈಗ ಮೂರು ವರ್ಷವಾಯಿತು. ನಡುವೆ ಎರಡನೇ ಬಸಿರು, ಹೆರಿಗೆ ಎರಡೂ ಆದವು. ಮೊದಲ ಆರು ತಿಂಗಳಲ್ಲಿ ಹನ್ನೊಂದು ಸಲ ಹೋಗಿದ್ದೆ, ಆಮೇಲೆ ಬೇಕಾದಾಗ ಮಾತ್ರ.

ಅದಕ್ಕೂ ಮುಂಚೆ ಬೇರೆ ಒಂದು ಕಡೆ ತೋರಿಸಿದ್ದೆ. ಅಲ್ಲಿ ಪರೀಕ್ಷೆ ಮಾಡದೆ ಕೆಗೆಲ್ ವ್ಯಾಯಾಮದ, ಅಂದರೆ ಈ ಸ್ನಾಯುಗಳನ್ನು ಬಿಗಿ ಹಿಡಿದು ಬಿಡುವ ವ್ಯಾಯಾಮದ, ಒಂದು ಹಾಳೆ ಕೊಟ್ಟು ಕಳಿಸಿದ್ದರು. ಮೂರು ತಿಂಗಳು ಶ್ರದ್ಧೆಯಿಂದ ಮಾಡಿದೆ. ಸೋರುವುದು ಜಾಸ್ತಿಯೇ ಆಯಿತು. ಏಕೆ ಅಂತ ಈ ಫಿಸಿಯೋ ಹತ್ತಿರ ಹೋದ ಮೊದಲ ದಿನವೇ ಗೊತ್ತಾಯಿತು.

ಅವತ್ತು ಅರ್ಧ ಗಂಟೆಗೂ ಹೆಚ್ಚು ಬರೀ ಮಾತು. ಎಷ್ಟು ಹೊತ್ತಿಗೊಮ್ಮೆ ಮೂತ್ರಕ್ಕೆ ಹೋಗುತ್ತೀರಿ, ಮಲಬದ್ಧತೆ ಇದೆಯಾ, ಲೈಂಗಿಕವಾಗಿ ಕೂಡುವಾಗ ನೋವಾಗುತ್ತದಾ, ಹೊಲಿಗೆ ಹಾಕಿದ ಜಾಗ ಹೇಗಿದೆ. ಇಷ್ಟು ನೇರವಾಗಿ, ಇಷ್ಟು ಸಹಜವಾಗಿ ನನ್ನನ್ನು ಯಾರೂ ಕೇಳಿರಲಿಲ್ಲ. ಆಮೇಲೆ ಒಳಪರೀಕ್ಷೆ. "ಬೇಡ ಅನಿಸಿದರೆ ಯಾವಾಗ ಬೇಕಾದರೂ ಹೇಳಿ, ನಿಲ್ಲಿಸುತ್ತೇನೆ" ಅಂದರು. ಕೈಗವಸು ಹಾಕಿದ ಒಂದು ಬೆರಳು, ಅಷ್ಟೇ. "ಈಗ ಬಿಗಿ ಹಿಡಿಯಿರಿ" ಅಂದರು. ಹಿಡಿದೆ. "ನೀವು ಮೇಲಕ್ಕೆ ಎಳೆಯುತ್ತಿಲ್ಲ, ಕೆಳಕ್ಕೆ ತಿಣುಕುತ್ತಿದ್ದೀರಿ" ಅಂದರು. ಮೂರು ತಿಂಗಳು ನಾನು ಮಾಡಿದ್ದು ಅದನ್ನೇ! ಇದು ನನ್ನೊಬ್ಬಳ ತಪ್ಪಲ್ಲ. 1991ರ ಒಂದು ಚಿಕ್ಕ ಅಧ್ಯಯನದಲ್ಲಿ 47 ಹೆಂಗಸರಿಗೆ ಬರೀ ಬಾಯಿಮಾತಿನಲ್ಲಿ ಹೇಳಿಕೊಟ್ಟಾಗ, ನಾಲ್ಕರಲ್ಲಿ ಒಂದು ಪಾಲು ಜನ ಸೋರುವುದು ಇನ್ನೂ ಹೆಚ್ಚಾಗಬಹುದಾದ ರೀತಿಯಲ್ಲೇ ಮಾಡಿದ್ದರಂತೆ.

ಹಿಡಿತಕ್ಕೆ 5ಕ್ಕೆ 2 ಅಂಕ ಬಂತು. ಆದರೆ ಮೊದಲ ಎರಡು ವಾರ ಬಿಗಿ ಹಿಡಿಯುವುದೇ ಬೇಡ ಅಂದರು. ನನ್ನ ಸ್ನಾಯುಗಳು ಬಲ ಇಲ್ಲದಿದ್ದರೂ ಸದಾ ಬಿಗಿದುಕೊಂಡೇ ಇದ್ದವು, ಹೊಲಿಗೆಯ ಕಡೆ ಇನ್ನೂ ಜಾಸ್ತಿ. ಈ ಮೂರು ವರ್ಷದಲ್ಲಿ ನನಗೆ ಅತಿ ಹೆಚ್ಚು ಉಪಯೋಗವಾದ ಪಾಠ ಇದೇ: ಬಿಡುವುದನ್ನು ಕಲಿಯದೆ ಹಿಡಿಯಲು ಬರುವುದಿಲ್ಲ. ಮುಷ್ಟಿಯನ್ನು ಮೊದಲೇ ಬಿಗಿದಿಟ್ಟರೆ ಹೊಸದಾಗಿ ಏನನ್ನು ಹಿಡಿಯುತ್ತೀರಿ? ಉಸಿರು ಎಳೆದುಕೊಂಡಾಗ ವಪೆ (ಎದೆ, ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಕೆಳಗಿಳಿಯುತ್ತದೆ, ಅದರ ಜೊತೆ ಪೆಲ್ವಿಕ್ ಫ್ಲೋರ್ ಕೂಡ ಸ್ವಲ್ಪ ಇಳಿಯುತ್ತದೆ. ಉಸಿರು ಬಿಟ್ಟಾಗ ಎರಡೂ ಮೇಲೇಳುತ್ತವೆ. ನಾನೋ, ಹೊಟ್ಟೆ ಒಳಗೆಳೆದುಕೊಂಡು ಇಡೀ ದಿನ ಓಡಾಡುತ್ತಿದ್ದೆ. ಎರಡು ವಾರ ಮಲಗಿ ಹೊಟ್ಟೆ ತುಂಬ ಉಸಿರಾಡಿದೆ, ಅಷ್ಟೇ. ಕೂಡುವಾಗಿನ ನೋವು ಅದರಲ್ಲೇ ಅರ್ಧ ಹೋಯಿತು.

ಹಿಡಿಯುವ ವ್ಯಾಯಾಮ ಬಂದದ್ದು ಆಮೇಲೆ. ಹೂಸು ತಡೆಯುವ ಹಾಗೆ ಹಿಂದಿನಿಂದ ಶುರುಮಾಡಿ, ಮುಂದಕ್ಕೆ ತಂದು, ಮೇಲಕ್ಕೆ ಎತ್ತುವುದು. ಆಮೇಲೆ ಪೂರ್ತಿ ಬಿಡುವುದು. ಒಂದು ಸಲಕ್ಕೆ ಎಂಟು, ದಿನಕ್ಕೆ ಮೂರು ಸಲ, ಕಡಿಮೆ ಅಂದರೂ ಮೂರು ತಿಂಗಳು. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ (NICE) ಸಂಸ್ಥೆಯ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಬೇಸರ ಹಿಡಿಸುವ ಕೆಲಸ, ಅದನ್ನು ಮುಚ್ಚಿಡುವುದಿಲ್ಲ. ಆರನೇ ವಾರದವರೆಗೆ ಏನೂ ಬದಲಾಗಲಿಲ್ಲ. ಸೀನು, ಕೆಮ್ಮು ಬರುವ ಕ್ಷಣಕ್ಕೆ ಮುಂಚೆ ಒಮ್ಮೆ ಎತ್ತಿ ಹಿಡಿಯುವುದು ರೂಢಿಯಾದಾಗ ಮಾತ್ರ ಫಲ ಕಂಡಿತು. ನಾಲ್ಕನೇ ತಿಂಗಳಿಗೆ ಪ್ಯಾಡ್ ಬಿಟ್ಟೆ. ಮನೆಯಿಂದ ಹೊರಡುವ ಮುಂಚೆ ಸುಮ್ನೆ ಒಮ್ಮೆ ಮೂತ್ರಕ್ಕೆ ಹೋಗಿಬರುವ ಅಭ್ಯಾಸವನ್ನೂ ಬಿಡಿಸಿದರು. ಪದೇ ಪದೇ ಹಾಗೆ ಮಾಡಿದರೆ ಮೂತ್ರಕೋಶ ಸ್ವಲ್ಪ ತುಂಬಿದರೂ ಅವಸರ ಮಾಡುವುದನ್ನು ಕಲಿಯುತ್ತದೆ.

ನಡುವೆ ಮನೆಯಲ್ಲಿ ಬಳಸುವ ಬಯೋಫೀಡ್‌ಬ್ಯಾಕ್ ಸಾಧನವನ್ನೂ ಕೊಂಡೆ. ಯೋನಿಯೊಳಗೆ ಇಟ್ಟುಕೊಂಡು ಹಿಡಿದರೆ ಫೋನಿನಲ್ಲಿ ಗೆರೆ ಮೇಲೇರುತ್ತದೆ. ಇದು ತೀರಾ ಹೊಸ ಯೋಚನೆಯಲ್ಲ. 1948ರಲ್ಲಿ ಈ ವ್ಯಾಯಾಮದ ಬಗ್ಗೆ ಬರೆದ ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ ಕೂಡ ಹಿಡಿತ ಅಳೆಯುವ ಒಂದು ಸಾಧನ ಮಾಡಿದ್ದರು. ಮೊದಲ ತಿಂಗಳು ಉತ್ಸಾಹ ಕೊಟ್ಟಿತು. ಆದರೆ ಹೊಟ್ಟೆ ಬಿಗಿದು ತಿಣುಕಿದರೂ ಗೆರೆ ಏರುತ್ತಿತ್ತು. ಒತ್ತಡ ಎಲ್ಲಿಂದ ಬಂತು ಅಂತ ಅದಕ್ಕೆ ತಿಳಿಯುವುದಿಲ್ಲ. ಸರಿಯಾಗಿ ಮಾಡಲು ಬಂದಮೇಲೆ ಕೊಳ್ಳಿ, ಕಲಿಯುವುದಕ್ಕೆ ಅಂತ ಬೇಡ.

ಎರಡನೇ ಬಸಿರಿನಲ್ಲಿ ಈ ಸೇವೆಯ ನಿಜವಾದ ಬೆಲೆ ಗೊತ್ತಾಯಿತು. ಆರನೇ ತಿಂಗಳಿಗೆ ಸೊಂಟದ ಕೀಲುಗಳಲ್ಲಿ ನೋವು ಶುರುವಾಯಿತು, ತೊಡೆಸಂದಿನಲ್ಲಿ ಚುಚ್ಚಿದ ಹಾಗೆ. ಮೊದಲ ಸಲ ಹಲ್ಲುಕಚ್ಚಿ ಸಹಿಸಿದ್ದೆ. ಈ ಸಲ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಮಂಡಿ ಎರಡೂ ಜೋಡಿಸಿ ತಿರುಗುವುದು, ಕೂತು ಪ್ಯಾಂಟ್ ಹಾಕಿಕೊಳ್ಳುವುದು, ಹೆಜ್ಜೆ ಚಿಕ್ಕದು ಮಾಡುವುದು, ಇಷ್ಟರಲ್ಲೇ ಮಲಗಿ ನಿದ್ದೆ ಮಾಡುವಷ್ಟಾದೆ. 35ನೇ ವಾರದಿಂದ ಯೋನಿಯ ಬಾಯಿಯ ಮಸಾಜ್ ಹೇಳಿಕೊಟ್ಟರು. ಹೆರಿಗೆಯಲ್ಲಿ ಈ ಸ್ನಾಯುಗಳ ಒಂದು ಭಾಗ ಮೂರು ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ. ಆಗ ಬೇಕಾದದ್ದು ಬಲ ಅಲ್ಲ, ಬಿಡುವುದು. ತಲೆ ಹೊರಬರುವ ಹೊತ್ತಿನಲ್ಲಿ ದವಡೆ ಸಡಿಲ ಬಿಟ್ಟು ಉಸಿರು ಊದಿದ್ದು ಇವತ್ತಿಗೂ ನೆನಪಿದೆ. ಆದರೂ ಎರಡನೇ ದರ್ಜೆಯ, ಅಂದರೆ ಚರ್ಮದ ಜೊತೆ ಸ್ನಾಯುವೂ ಹರಿದ ಗಾಯವಾಯಿತು, ಹೊಲಿಗೆ ಬಿತ್ತು. ಫಿಸಿಯೋಥೆರಪಿ ಮಾಡಿಸಿದರೆ ಹರಿಯುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಿಸೇರಿಯನ್ ಆದವರಿಗೆ ಇದು ಬೇಕಿಲ್ಲ ಅನ್ನುವುದೂ ತಪ್ಪು. ಒಂಬತ್ತು ತಿಂಗಳ ಭಾರ ಹೊತ್ತದ್ದು ಅದೇ ಸ್ನಾಯುಗಳು ತಾನೇ?

ಈ ಸೇವೆಗೆ 5ಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಅಂಕ ಕಡಿಮೆ ಮಾಡಿದ್ದು, ಯೋನಿಯ ಮುಂಭಾಗದ ಗೋಡೆ ಸ್ವಲ್ಪ ಕೆಳಕ್ಕೆ ಜಾರಿರುವ ವಿಷಯವನ್ನು ಫಿಸಿಯೋ ತಡವಾಗಿ ಹೇಳಿದ್ದಕ್ಕೆ. ಮೊದಲೇ ಗೊತ್ತಿದ್ದರೆ ಎರಡನೇ ಮಗುವಾದ ಮೇಲೆ ಭಾರ ಎತ್ತಲು ಅಷ್ಟು ಆತುರಪಡುತ್ತಿರಲಿಲ್ಲ. ತುಂಬ ಹೊತ್ತು ನಿಂತ ದಿನ ಸಂಜೆ ಕೆಳಗೆ ಭಾರವೆನಿಸುತ್ತದೆ. ಆಗ ಕಾಲು ಮೇಲಿಟ್ಟು ಹತ್ತು ನಿಮಿಷ ಮಲಗುತ್ತೇನೆ. ಮಗುವನ್ನು ಎತ್ತುವಾಗ ಉಸಿರು ಕಟ್ಟದೆ ಹೊರಬಿಡುತ್ತೇನೆ.

ಎರಡನೆಯವಳಿಗೆ ಈಗ ಎಂಟು ತಿಂಗಳು. ಹೆರಿಗೆಯಾಗಿ ಕನಿಷ್ಠ 12 ವಾರ ಓಡಬೇಡಿ ಅಂದಿದ್ದರು, ನಾನು ಐದು ತಿಂಗಳು ಕಾದು ಶುರುಮಾಡಿದೆ. ಓಡಿದರೆ ಸೋರುವುದಿಲ್ಲ. ದೊಡ್ಡವನ ಜೊತೆ ಕುಣಿದು ಹಾರಿದರೆ ಮಾತ್ರ ಇನ್ನೂ ಒಂದೆರಡು ಹನಿ. ಮುಂದಿನ ತಿಂಗಳು ಹೋದಾಗ ಅದನ್ನೇ ಕೇಳಬೇಕು.