ಇಂಗ್ಲಿಷಲ್ಲಿ ಹಾಡೋದಾ, ತಾಯ್ನುಡಿಯಲ್ಲಾ?

ನಿಮ್ಮ ಬ್ಯಾಂಡ್ ಈ ಗೊಂದಲದಲ್ಲಿದೆಯಾ? ಇಂಗ್ಲಿಷಿಗೆ ಕೇಳುಗರು ಜಾಸ್ತಿ, ನಿಜ. ಸ್ವೀಡನ್ನಿನ ಪಾಪ್ ತಂಡ ‘ಅಬ್ಬಾ’ 1974ರಲ್ಲಿ ಯೂರೋಪಿನ ಹಾಡಿನ ಸ್ಪರ್ಧೆ ಯೂರೋವಿಷನ್ ಗೆದ್ದದ್ದು ಇಂಗ್ಲಿಷ್ ಹಾಡಿನಿಂದ. ತಮ್ಮ ದೇಶದ ಭಾಷೆಯಲ್ಲೇ ಹಾಡಬೇಕೆಂಬ ನಿಯಮ ಆಗ ಇರಲಿಲ್ಲ. ರಾಕ್ ಕೇಳಿ ಬೆಳೆದವರ ಬಾಯಿಗೆ ಆ ಧಾಟಿಯ ಜೊತೆ ಇಂಗ್ಲಿಷೇ ಮೊದಲು ಬರುತ್ತದೆ. ‘ಲವ್’, ‘ನೈಟ್’ ಥರದ ಗಿಡ್ಡ ಪದಗಳು ಡ್ರಮ್ಮಿನ ಒಂದೇ ಏಟಿಗೆ ಸರಿಯಾಗಿ ಕೂರುತ್ತವೆ. ಮನಸ್ಸಿನ ಗುಟ್ಟನ್ನು ಬೇರೆ ಭಾಷೆಯಲ್ಲಿ ಹೇಳಿದರೆ ಮುಜುಗರವೂ ಕಡಿಮೆ, ಅಲ್ವಾ?

ತಾಯ್ನುಡಿಯಲ್ಲಾದರೆ ಪದದ ಒಳಸುಳಿ ಗೊತ್ತಿರುತ್ತದೆ. ಉಚ್ಚಾರಣೆಗೆ ತಿಣುಕಬೇಕಿಲ್ಲ. ಜರ್ಮನಿಯ ರಾಕ್ ಬ್ಯಾಂಡ್ ರಾಮ್‌ಸ್ಟೈನ್ ಜರ್ಮನ್ನಿನಲ್ಲೇ ಹಾಡಿ ಹೊರದೇಶದ ಸ್ಟೇಡಿಯಂ ತುಂಬಿಸುತ್ತದೆ. ದಕ್ಷಿಣ ಕೊರಿಯಾದ ಪಾಪ್ ತಂಡ ಬಿಟಿಎಸ್ 2020ರಲ್ಲಿ ಮೊದಲು ಇಂಗ್ಲಿಷ್ ಹಾಡಿನಿಂದ, ಆಮೇಲೆ ಬಹುಪಾಲು ಕೊರಿಯನ್ನಿನಲ್ಲಿರುವ ಹಾಡಿನಿಂದಲೂ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರ ತುದಿಗೇರಿತು.

ನನ್ನನ್ನು ಕೇಳಿದರೆ, ಜಗಳ ಆಡುವಾಗ ಯಾವ ಭಾಷೆ ಬಾಯಿಗೆ ಬರುತ್ತೋ ಅದರಲ್ಲೇ ಮೊದಲ ಹಾಡು ಬರೆಯಿರಿ.